ವೈಸ್ ಸಿಟಿಯನ್ನು ಮತ್ತೆ ಕಟ್ಟಿದವರನ್ನು ಕಳ್ಳರ ಸಾಲಿಗೆ ಸೇರಿಸಬೇಡಿ

ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ವೈಸ್ ಸಿಟಿ ಆಡಿದ ತಲೆಮಾರು ನಮ್ಮದು. ಒಂದು ಕಂಪ್ಯೂಟರ್, ಒಂದು ಕುರ್ಚಿ, ಸುತ್ತ ನಾಲ್ಕು ಜನ. ಒಬ್ಬನ ಕೈ ಕೀಬೋರ್ಡ್ ಮೇಲೆ, ಉಳಿದವರದು ಬರೀ ಬಾಯಿ. 'ಪ್ಯಾಂಜರ್' ಅಂತ ಟೈಪ್ ಮಾಡಿದರೆ ಆಕಾಶದಿಂದ ಉದುರಿದ ಹಾಗೆ ಟ್ಯಾಂಕ್ ಬಂದು ನಿಲ್ಲುತ್ತಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ ತಡವರಿಸುತ್ತಿದ್ದವರಿಗೂ ಆ ಸ್ಪೆಲಿಂಗ್ ಮಾತ್ರ ಬಾಯಿಪಾಠ. ಅಮೆರಿಕದ ಮಿಯಾಮಿ ನಗರವನ್ನು ನೋಡಿ ಮಾಡಿದ ಊರು ಅದು ಅಂತ ನಮಗೆ ಆಗ ಗೊತ್ತಿರಲಿಲ್ಲ. ಆದರೆ ಅದರ ಬೀಚ್ ರಸ್ತೆ, ಹೋಟೆಲ್, ಸೇತುವೆಗಳನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆವು.

ಆ ಊರನ್ನು ಅಭಿಮಾನಿಗಳೇ ಮತ್ತೆ ಕಟ್ಟಿದ್ದಾರೆ. ರಷ್ಯಾದ 'ರೆವಲ್ಯೂಷನ್ ಟೀಮ್' ಎಂಬ ಹುಡುಗರ ಗುಂಪು, 2002ರ ವೈಸ್ ಸಿಟಿಯನ್ನು 2008ರಲ್ಲಿ ಬಂದ ಜಿಟಿಎ 4ರ ಎಂಜಿನ್ ಮೇಲೆ ಕೂರಿಸಿ 2025ರ ಜನವರಿಯಲ್ಲಿ ಹೊರತಂದಿತು. ಬಿಡುಗಡೆಗೆ ಕೆಲವೇ ದಿನ ಇರುವಾಗ ಜಿಟಿಎ ಮಾಲೀಕ ಕಂಪನಿ ಟೇಕ್-ಟು ದೂರು ಕೊಟ್ಟು, ಅವರ ಯೂಟ್ಯೂಬ್ ಚಾನೆಲ್ಲನ್ನೇ ತೆಗೆಸಿತು. ಮೊದಲು ಆ ಗುಂಪು ಜಿಟಿಎ 4ರ ಅಸಲಿ ಪ್ರತಿ ಇದ್ದವರಿಗಷ್ಟೇ ಆಟ ತೆರೆಯುವ ಯೋಜನೆ ಹಾಕಿತ್ತು. ಚಾನೆಲ್ ಹೋದ ಮೇಲೆ, ಇನ್ನು ಆ ಭರವಸೆ ಕೊಡಲಾಗದು ಎಂದಿತು. ಬಾಗಿಲು ಹಾಕಿದ್ದರಿಂದ ಕಂಪನಿಗೆ ಏನು ಲಾಭವಾಯಿತು?

ನಮ್ಮ ಕಡೆ 'ಮಾಡ್' ಅಂದರೆ ಬೇರೆ ಅರ್ಥ ಬೆಳೆದಿದೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಆಟವನ್ನು ಬಿಟ್ಟಿ ಕೊಡುವ, ಎಷ್ಟು ಬೇಕಾದರೂ ಕಾಯಿನ್ ಸಿಗುವ 'ಮಾಡ್ ಎಪಿಕೆ'ಯನ್ನೇ ನಾವು ಮಾಡ್ ಅನ್ನುತ್ತೇವೆ. ಅದು ಬೀಗ ಒಡೆಯುವ ಕೆಲಸ. ಅಸಲಿ ಮಾಡಿಂಗ್ ಅಂದರೆ ಇರುವ ಆಟಕ್ಕೆ ಹೊಸದನ್ನು ಸೇರಿಸುವುದು, ತಿದ್ದುವುದು, ಹಳೆಯ ಆಟದ ಲೋಕವನ್ನು ಹೊಸ ತಳಪಾಯದ ಮೇಲೆ ಕಟ್ಟುವುದು. ವೈಸ್ ಸಿಟಿಯ ಫೋಲ್ಡರಿನಲ್ಲಿ 'ಹ್ಯಾಂಡ್ಲಿಂಗ್' ಎಂಬ ಒಂದು ಫೈಲ್ ಇತ್ತು. ಪ್ರತಿ ಗಾಡಿಯ ತೂಕ, ವೇಗ, ಬ್ರೇಕ್ ಎಲ್ಲ ಅಂಕಿಗಳಲ್ಲಿ ಅದರೊಳಗೆ. ನೋಟ್‌ಪ್ಯಾಡಿನಲ್ಲಿ ತೆರೆದು ಒಂದು ಅಂಕಿ ಬದಲಿಸಿದರೆ ಸ್ಕೂಟರ್ ಕೂಡ ರಾಕೆಟ್. ಜಗತ್ತಿನ ಎಷ್ಟೋ ಮಾಡರ್‌ಗಳ ಮೊದಲ ಪಾಠ ಇಂಥದ್ದೇ.

ಅಲ್ಲಿಂದ ಒಂದು ಇಡೀ ಊರು ಕಟ್ಟುವವರೆಗಿನ ದಾರಿ ದೊಡ್ಡದು. ಪ್ರತಿ ಕಟ್ಟಡವನ್ನು ಮತ್ತೆ ಮಾಡಬೇಕು. ಗೋಡೆಗೆ ಬಣ್ಣ, ನೆಲಕ್ಕೆ ಹುಲ್ಲು, ಮನುಷ್ಯರು ಎಲ್ಲಿ ನಡೆಯಬಹುದು ಎಂಬ ಗುರುತು, ಮಾತು, ಸದ್ದು, ಮಳೆ ಎಲ್ಲ ಬೇಕು. ಇದಕ್ಕೆ ಸಂಬಳ ಇಲ್ಲ. 'ಸ್ಕೈಬ್ಲಿವಿಯನ್' ಎಂಬ ಯೋಜನೆ ನೋಡಿ. ಬೆಥೆಸ್ಡಾ ಕಂಪನಿಯ 2006ರ 'ಆಬ್ಲಿವಿಯನ್' ಆಟವನ್ನು ಅದೇ ಕಂಪನಿಯ 2011ರ 'ಸ್ಕೈರಿಮ್' ಎಂಜಿನ್ನಿನಲ್ಲಿ ಕಟ್ಟುವ ಕೆಲಸ ಅದು. ಹತ್ತು ವರ್ಷಕ್ಕೂ ಮೇಲಾಯಿತು. ದುಡಿಯುವವರೆಲ್ಲ ಸ್ವಯಂಸೇವಕರು, ಬೇರೆ ಬೇರೆ ದೇಶದವರು. ಆಡಬೇಕು ಅನ್ನುವವರ ಹತ್ತಿರ ಎರಡೂ ಆಟಗಳ ಅಸಲಿ ಪ್ರತಿ ಇರಬೇಕು ಎಂಬುದು ಅವರದೇ ನಿಯಮ.

ಬಿಟ್ಟಿಯಾಗಿ ಇಷ್ಟು ಕಷ್ಟ ಯಾಕೆ ಪಡುತ್ತಾರೆ? ಆಟ ಹಳತಾಗುತ್ತದೆ, ಹೋಗಿಬಿಡುತ್ತದೆ, ಅದಕ್ಕೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟಕ್ಕೇ ಇಲ್ಲ. ವೈಸ್ ಸಿಟಿ ಮಾರಾಟದಲ್ಲಿದೆ, ಆದರೆ ನಾವು ಆಡಿದ ವೈಸ್ ಸಿಟಿ ಅಲ್ಲ. ಲೈಸೆನ್ಸ್ ಅವಧಿ ಮುಗಿದು, ಕಾರಿನ ರೇಡಿಯೊದಲ್ಲಿ ಬರುತ್ತಿದ್ದ ಮೈಕಲ್ ಜಾಕ್ಸನ್‌ನ 'ಬಿಲ್ಲಿ ಜೀನ್' ಮುಂದಿನ ಪ್ರತಿಗಳಲ್ಲಿ ಇಲ್ಲ.

ಕಂಪನಿ ತಾನೇ ಹೊಸದು ಮಾಡಿತಲ್ಲ ಅನ್ನಬಹುದು. ಮಾಡಿತು. 2021ರ ನವೆಂಬರಿನಲ್ಲಿ ವೈಸ್ ಸಿಟಿ ಸೇರಿ ಮೂರು ಹಳೆಯ ಜಿಟಿಎಗಳ 'ಡೆಫಿನಿಟಿವ್ ಎಡಿಷನ್' ಬಂತು. ಅದಕ್ಕೂ ಮೊದಲೇ ಹಳೆಯ ಆಟಗಳನ್ನು ಆನ್‌ಲೈನ್ ಅಂಗಡಿಯಿಂದ ತೆಗೆದಿದ್ದರು. ಹೊಸದರಲ್ಲಿ ಮಳೆ ಬಂದರೆ ರಸ್ತೆ ಕಾಣದು, ಪಾತ್ರಗಳ ಮುಖ ಗೊಂಬೆಯ ಹಾಗೆ, ಅಂಗಡಿ ಬೋರ್ಡುಗಳಲ್ಲೂ ಕಾಗುಣಿತ ತಪ್ಪು. ಆಡಿದವರು ಬೈದ ಬೈಗುಳಕ್ಕೆ ರಾಕ್‌ಸ್ಟಾರ್ ಕ್ಷಮೆ ಕೇಳಿತು, ಹಳೆಯ ಆಟಗಳನ್ನು ತನ್ನ ಅಂಗಡಿಗೆ ವಾಪಸ್ ತಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಟೇಕ್-ಟು ಇನ್ನೊಂದು ಕೆಲಸ ಮಾಡಿತ್ತು. ಹಳೆಯ ಆಟ ಹೊಸ ಕಂಪ್ಯೂಟರುಗಳಲ್ಲೂ ಚೆನ್ನಾಗಿ ಓಡಲಿ ಅಂತ ಅದರ ಕೋಡನ್ನು ಬಿಡಿಸಿ ಬರೆದ ಅಭಿಮಾನಿಗಳ ಮೇಲೆ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ದಾವೆ ಹೂಡಿತ್ತು. ಅವರ ಕೋಡ್ ಓಡಬೇಕಾದರೂ ಅಸಲಿ ಆಟದ ಫೈಲುಗಳು ಬೇಕೇ ಬೇಕಿತ್ತು.

ಕಾನೂನು ಕಂಪನಿ ಕಡೆ ಇದೆ, ಅದನ್ನು ಒಪ್ಪೋಣ. ಊರು, ಪಾತ್ರ, ಹೆಸರು ಎಲ್ಲ ಅವರ ಸ್ವತ್ತು. ಅಮೆರಿಕದ ಕಾನೂನಿನಲ್ಲಿ ಕಂಪನಿ ಮಾಡಿಸಿದ ಕೃತಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಹಕ್ಕು. 2002ರ ಆಟಕ್ಕೆ ಆ ಲೆಕ್ಕ ಹಿಡಿದರೆ 2097. ಅಷ್ಟರಲ್ಲಿ ಅದನ್ನು ಆಡಿದವರು ಯಾರಿರುತ್ತಾರೆ? ಹಾಗಂತ ಮಾಲೀಕನ ಸಂಕಟ ಸುಳ್ಳಲ್ಲ. ಬಿಟ್ಟಿ ಆವೃತ್ತಿ ಚೆನ್ನಾಗಿದ್ದರೆ ತನ್ನದನ್ನು ಕೊಳ್ಳುವವರಾರು ಎಂಬ ಭಯ ಸಹಜ. ನಮ್ಮ ಹೊಲದಲ್ಲಿ ಯಾರೋ ಬಂದು ಚೆಂದದ ಬೆಳೆ ತೆಗೆದರೂ ನಾವು ಯಜಮಾನಿಕೆ ಬಿಟ್ಟುಕೊಡುವುದಿಲ್ಲ.

ಆದರೆ ಇದೇ ಹಕ್ಕು ಇಟ್ಟುಕೊಂಡೂ ಬೇರೆ ರೀತಿ ನಡೆದವರಿದ್ದಾರೆ. ವಾಲ್ವ್ ಕಂಪನಿಯ 1998ರ 'ಹಾಫ್-ಲೈಫ್' ಆಟವನ್ನು ಅಭಿಮಾನಿಗಳು 'ಬ್ಲ್ಯಾಕ್ ಮೆಸಾ' ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿ 2012ರಲ್ಲಿ ಬಿಟ್ಟಿಯಾಗಿ ಕೊಟ್ಟರು. ವಾಲ್ವ್ ಕೇಸು ಹಾಕಲಿಲ್ಲ. ತನ್ನ ಅಂಗಡಿಯಲ್ಲೇ ದುಡ್ಡಿಗೆ ಮಾರಿಕೊಳ್ಳಲು ಒಪ್ಪಿಗೆ ಕೊಟ್ಟಿತು. 2020ರಲ್ಲಿ ಅದು ಪೂರ್ತಿಯಾಯಿತು. ಬೆಥೆಸ್ಡಾ 2025ರ ಏಪ್ರಿಲ್‌ನಲ್ಲಿ ತಾನೇ ಆಬ್ಲಿವಿಯನ್ನಿನ ಹೊಸ ಆವೃತ್ತಿ ತಂದಾಗ ಸ್ಕೈಬ್ಲಿವಿಯನ್ ತಂಡಕ್ಕೆ ಅದರ ಪ್ರತಿಗಳನ್ನು ಉಡುಗೊರೆ ಕೊಟ್ಟಿತು. ಅಷ್ಟೇಕೆ, ರಾಕ್‌ಸ್ಟಾರ್ 2015ರಲ್ಲಿ ಖಾತೆ ಮುಚ್ಚಿಸಿದ್ದ 'ಫೈವ್‌ಎಂ' ಮಾಡರ್‌ಗಳ ತಂಡವನ್ನು 2023ರಲ್ಲಿ ತಾನೇ ಕೊಂಡು ಒಳಗೆ ಕರೆದುಕೊಂಡಿತು. ಎಂಟು ವರ್ಷದಲ್ಲಿ ಬುದ್ಧಿ ಬದಲಾಗಬಹುದಾದರೆ, ಮೊದಲೇ ಕೂತು ಮಾತಾಡಬಹುದಿತ್ತಲ್ಲ?

ನಮ್ಮ ಅಭಿಪ್ರಾಯ ಇಷ್ಟು. ಅಸಲಿ ಪ್ರತಿ ಇದ್ದವರಿಗೆ ಮಾತ್ರ, ದುಡ್ಡು ತೆಗೆದುಕೊಳ್ಳದೆ, ಕಂಪನಿಯದ್ದೇ ಎಂದು ನಂಬಿಸದೆ ಕಟ್ಟುವವರಿಗೆ ಕಂಪನಿಗಳು ದಾರಿ ಬಿಡಬೇಕು. ಬೇಡ ಎಂದಾದರೆ ಕೆಲಸ ಶುರುವಾದಾಗಲೇ ಹೇಳಬೇಕು. ವರ್ಷಗಟ್ಟಲೆ ಸುಮ್ಮನಿದ್ದು, ಬಿಡುಗಡೆಯ ಹೊತ್ತಿಗೆ ಕತ್ತರಿ ಆಡಿಸುವುದು ನ್ಯಾಯವಲ್ಲ.

ಇದನ್ನು ಹೇಳುವಾಗ ನಮ್ಮ ಕಡೆಯ ಲೆಕ್ಕವನ್ನೂ ಒಪ್ಪಿಸಬೇಕು. ಸೈಬರ್ ಸೆಂಟರ್‌ನಲ್ಲಿ ನಾವು ಆಡಿದ್ದು ನಕಲಿ ಸೀಡಿಯ ಆಟ. ಅಸಲಿ ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಿರಲಿಲ್ಲ, ಕೊಳ್ಳುವ ದುಡ್ಡೂ ಇರಲಿಲ್ಲ. ಅದು ಕಾರಣ ಆಗಬಹುದು, ಸಮರ್ಥನೆ ಆಗದು. ಇವತ್ತು ವೈಸ್ ಸಿಟಿ ಫೋನಿಗೂ ಬಂದಿದೆ, ಕೊಂಡು ಆಡಬಹುದು. ಆದರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಎಪಿಕೆ ಫೈಲನ್ನೇ ಒತ್ತುವವರು ಎಷ್ಟು ಜನ! ಆಟಕ್ಕೆ ನಿಮ್ಮ ಎಸ್ಎಂಎಸ್ ಓದುವ ಅನುಮತಿ ಯಾಕೆ ಬೇಕು ಎಂದು ಒಮ್ಮೆ ಕೇಳಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದು ಅದೇ ಎಸ್ಎಂಎಸ್‌ನಲ್ಲಿ.

ಮನೆಯಲ್ಲಿ ಆಟದ ಹುಚ್ಚಿನ ಮಕ್ಕಳಿದ್ದರೆ ಬೈಯುವ ಮೊದಲು ಏನು ಮಾಡುತ್ತಿದ್ದಾರೆ ನೋಡಿ. ಬರೀ ಆಡುತ್ತಿದ್ದರೆ ಹೊತ್ತಿಗೊಂದು ಮಿತಿ ಹಾಕಿ. ಫೈಲ್ ತೆರೆದು ಅಂಕಿ ಬದಲಿಸಿ 'ಹೀಗ್ಯಾಕಾಯ್ತು' ಅಂತ ತಲೆ ಕೆರೆದುಕೊಳ್ಳುತ್ತಿದ್ದರೆ ಸ್ವಲ್ಪ ಬಿಡಿ. ಮನೆ, ಮರ, ಮನುಷ್ಯರ ಆಕಾರ ಮಾಡುವ 'ಬ್ಲೆಂಡರ್' ಸಾಫ್ಟ್‌ವೇರ್ ಪೂರ್ತಿ ಉಚಿತ, ಅದನ್ನು ಕದಿಯಬೇಕಾಗಿಲ್ಲ. ಶಾಲೆಯ ಲ್ಯಾಬಿನಲ್ಲಿ ಒಂದು ಸುಮಾರಾದ ಕಂಪ್ಯೂಟರ್ ಇದ್ದರೂ ಕಲಿಕೆ ಶುರುವಾಗುತ್ತದೆ. ಯಾರೋ ಕಟ್ಟಿದ ವೈಸ್ ಸಿಟಿಯಲ್ಲಿ ನಾವು ಸುತ್ತಾಡಿದ್ದಾಯಿತು. ಈಗಿನ ಹುಡುಗ ಹುಡುಗಿಯರು ತಮ್ಮೂರಿನ ಬಸ್ ಸ್ಟ್ಯಾಂಡನ್ನೇ ಒಂದು ಆಟದೊಳಗೆ ಕಟ್ಟಿ ತೋರಿಸಿದರೆ, ನೋಡಲು ಮೊದಲು ಸಾಲಿನಲ್ಲಿ ನಿಲ್ಲುವವರು ನಾವೇ.