ಫಾತಿಮಾಕ್ಕೆ ಒಂದು ದಿನ

ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಕಂಬಿ ಹೊತ್ತ ಭಕ್ತರು ಶ್ರೀಶೈಲದ ಮಲ್ಲಯ್ಯನ ಕಡೆಗೆ ಹೆಜ್ಜೆ ಹಾಕುತ್ತಾರೆ. ಶಿವರಾತ್ರಿಗೆ ಮುನ್ನ ಬೆಂಗಳೂರಿನ ಕಡೆಯಿಂದ ಹೊರಟ ಗುಂಪುಗಳು ಘಟ್ಟವಿಳಿದು ಧರ್ಮಸ್ಥಳವನ್ನು ಸೇರುತ್ತವೆ. ಅದೇ ದಾರಿಯಲ್ಲಿ ಮೋಟಾರು ವಾಹನಗಳೂ ಓಡುತ್ತಿರುತ್ತವೆ. ಒಳಗೆ ಕುಳಿತವನು ನಡೆಯುವವನನ್ನು ಕಿಟಕಿಯಿಂದ ಕ್ಷಣಕಾಲ ನೋಡಿ ಮುಂದೆ ಸಾಗುತ್ತಾನೆ. ಇಬ್ಬರೂ ಮುಟ್ಟುವ ಊರು ಒಂದೇ. ಆದರೆ ಇಬ್ಬರೂ ಒಂದೇ ಊರನ್ನು ಕಂಡರೆಂದು ಹೇಳಲಾದೀತೆ?

ಪೋರ್ಚುಗಲ್ ದೇಶದ ಫಾತಿಮಾ ಎಂಬ ಕ್ಯಾಥೊಲಿಕ್ ಯಾತ್ರಾಸ್ಥಳಕ್ಕೆ ಹೋಗುವವರ ವಿಷಯದಲ್ಲಿಯೂ ಈ ಪ್ರಶ್ನೆಯನ್ನು ಕೇಳಬಹುದು. ರಾಜಧಾನಿಯಾದ ಲಿಸ್ಬನ್ನಿನಿಂದ ಉತ್ತರಕ್ಕೆ ಸುಮಾರು ೧೨೫ ಕಿಲೋಮೀಟರ್ ದೂರದಲ್ಲಿ ಆ ಊರಿದೆ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಸಾವಿರಾರು ಮಂದಿ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳುಳ್ಳ ಮೇಲಂಗಿಯನ್ನು ತೊಟ್ಟು, ರಸ್ತೆಯ ಅಂಚಿನಲ್ಲಿ ದಿನಗಟ್ಟಲೆ ನಡೆದು ಅಲ್ಲಿಗೆ ತಲುಪುತ್ತಾರೆ. ಬೆಳಗಿನ ಉಪಾಹಾರ ಮುಗಿಸಿ ಲಿಸ್ಬನ್ನಿನಲ್ಲಿ ಸಣ್ಣ ವ್ಯಾನನ್ನೇರಿದ ಪ್ರವಾಸಿಯಾದರೋ ಒಂದೂವರೆ ಗಂಟೆಯೊಳಗೆ ಅಲ್ಲಿ ಇಳಿಯುತ್ತಾನೆ. ಸಂಜೆಗೆ ಮತ್ತೆ ಲಿಸ್ಬನ್ನಿನಲ್ಲಿರುತ್ತಾನೆ.

ಅಂಥವನನ್ನು ಹಳಿಯುವುದು ಸುಲಭ. ಆದರೆ ಎಲ್ಲರಿಗೂ ರಜೆಯಿಲ್ಲ, ಎಲ್ಲರ ಕಾಲಿಗೂ ಶಕ್ತಿಯಿಲ್ಲ, ಎಲ್ಲರಿಗೂ ಆ ಶ್ರದ್ಧೆಯೂ ಇರುವುದಿಲ್ಲ. ಒಂದು ದಿನದಲ್ಲಿ ಹೋಗಿ ಬರುವುದರಲ್ಲಿಯೂ ಒಳ್ಳೆಯ ರೀತಿಯೆಂಬುದೊಂದುಂಟು, ಕೆಟ್ಟ ರೀತಿಯೆಂಬುದೊಂದುಂಟು.

ಫಾತಿಮಾ ಎಂಬ ಹೆಸರೇ ಮೊದಲು ಕುತೂಹಲವನ್ನುಂಟುಮಾಡುತ್ತದೆ. ಪ್ರವಾದಿ ಮಹಮ್ಮದರ ಮಗಳ ಹೆಸರು ಮೇರಿಮಾತೆಯ ಕ್ಷೇತ್ರಕ್ಕೆ ಬಂದುದು ಹೇಗೆ? ಆ ನಾಡನ್ನು ಒಂದು ಕಾಲದಲ್ಲಿ ಮೂರರು ಆಳುತ್ತಿದ್ದರು; ಅವರು ಹೋದರೂ ಎಷ್ಟೋ ಊರುಗಳ ಹೆಸರುಗಳಲ್ಲಿ ಅರಬ್ಬಿ ಉಳಿದುಕೊಂಡಿತು. ಕ್ರೈಸ್ತ ವೀರನೊಬ್ಬನ ಕೈವಶಳಾಗಿ ಅವನನ್ನೇ ವರಿಸಿದ ಮೂರ್ ರಾಜಕುಮಾರಿಯ ಹೆಸರಿದು ಎಂಬ ಐತಿಹ್ಯವನ್ನೂ ಜನ ಹೇಳುತ್ತಾರೆ. ಕನ್ನಡಿಗರಿಗೆ ಈ ಬಗೆಯ ಕೊಳುಕೊಡೆ ಹೊಸತಲ್ಲ. ಕರಾವಳಿಯವರು ಚರ್ಚನ್ನು ಇಗರ್ಜಿಯೆನ್ನುತ್ತಾರೆ. ಪೋರ್ಚುಗೀಸರ ‘ಇಗ್ರೇಜ’ ಎಂಬ ಮಾತೇ ಅದರ ಮೂಲ. ನಮ್ಮ ಪಾದ್ರಿಯೂ ಅವರ ಭಾಷೆಯಿಂದ ಬಂದವನೇ. ಫಾತಿಮಾ ಎಂಬ ಹೆಸರನ್ನು ಹೊತ್ತ ಕ್ರೈಸ್ತ ಸಂಸ್ಥೆಗಳು ಮಂಗಳೂರು, ಹುಬ್ಬಳ್ಳಿಗಳಲ್ಲಿಯೂ ಇವೆ.

ಲಿಸ್ಬನ್ನಿನಿಂದ ಹೊರಡುವ ಸಣ್ಣ ವ್ಯಾನುಗಳಲ್ಲಿ ಸಾಮಾನ್ಯವಾಗಿ ಎಂಟು ಮಂದಿಗೆ ಸ್ಥಳ. ಅನೇಕ ವೇಳೆ ಚಾಲಕನೇ ಮಾರ್ಗದರ್ಶಕನೂ ಆಗಿರುತ್ತಾನೆ. ಐವತ್ತು ಮಂದಿಯ ದೊಡ್ಡ ಬಸ್ಸಿನಲ್ಲಿ ಧ್ವನಿವರ್ಧಕದ ಮಾತೇ ಮಾತು. ಇಲ್ಲಿ ಪ್ರಶ್ನೆ ಕೇಳಬಹುದು, ಉತ್ತರ ಪಡೆಯಬಹುದು. ಆ ಎಂಟರಲ್ಲಿ ಜಪಮಾಲೆ ಹಿಡಿದು ಬಂದ ವೃದ್ಧ ದಂಪತಿಗಳಿರಬಹುದು, ದೇವರ ಗೊಡವೆಯೇ ಬೇಡವೆನ್ನುವ ತರುಣನಿರಬಹುದು, ಬೇರೆ ಮತದ ಕುಟುಂಬವೊಂದಿರಬಹುದು. ಈ ಎಲ್ಲರಿಗೂ ಒಂದೇ ಕಥೆಯನ್ನು, ನಂಬುವವನಿಗೆ ನೋವಾಗದಂತೆ, ನಂಬದವನಿಗೆ ಬೇಸರವಾಗದಂತೆ ಹೇಳಬೇಕು. ಮಾರ್ಗದರ್ಶಕನ ಯೋಗ್ಯತೆ ಗೊತ್ತಾಗುವುದು ಅಲ್ಲಿ.

ಆ ಕಥೆ ೧೯೧೭ರದು. ೧೯೧೦ರಲ್ಲಿ ಪೋರ್ಚುಗಲ್ಲಿನ ಅರಸೊತ್ತಿಗೆ ಕೊನೆಗೊಂಡು ಗಣರಾಜ್ಯ ಸ್ಥಾಪನೆಯಾಗಿತ್ತು. ಹೊಸ ಸರಕಾರಕ್ಕೂ ಚರ್ಚಿಗೂ ಸರಿಯಿರಲಿಲ್ಲ. ೧೯೧೬ರಲ್ಲಿ ದೇಶವು ಮಹಾಯುದ್ಧದೊಳಗೂ ಸಿಲುಕಿತು. ಹಳ್ಳಿಯ ಹುಡುಗರು ಫ್ರಾನ್ಸಿನ ರಣರಂಗಕ್ಕೆ ಹೋಗತೊಡಗಿದರು. ಫಾತಿಮಾದ ಬಳಿಯ ಅಲ್ಜುಸ್ತ್ರೆಲ್ ಎಂಬ ಪುಟ್ಟ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಮೂವರು ಮಕ್ಕಳು ೧೯೧೭ರ ಮೇ ೧೩ರಂದು, ಕೋವಾ ದ ಇರಿಯಾ ಎಂಬ ತಗ್ಗಿನಲ್ಲಿ, ಸಣ್ಣದೊಂದು ಓಕ್ ಮರದ ಮೇಲೆ ಸೂರ್ಯನಿಗಿಂತಲೂ ಪ್ರಕಾಶಮಾನಳಾದ ಸ್ತ್ರೀಯೊಬ್ಬಳನ್ನು ಕಂಡೆವೆಂದರು. ಹಿರಿಯಳಾದ ಲೂಸಿಯಾಳಿಗೆ ೧೦ ವರ್ಷ. ಅವಳ ಸೋದರತ್ತೆಯ ಮಕ್ಕಳಾದ ಫ್ರಾನ್ಸಿಸ್ಕೊನಿಗೆ ೮, ಜಸಿಂತಾಳಿಗೆ ೭. ಲೂಸಿಯಾ ಆ ಸ್ತ್ರೀಯೊಡನೆ ಮಾತನಾಡಿದಳು. ಜಸಿಂತಾ ನೋಡಿದಳು, ಕೇಳಿದಳು. ಫ್ರಾನ್ಸಿಸ್ಕೊ ನೋಡಿದನಷ್ಟೆ, ಅವನಿಗೆ ಮಾತು ಕೇಳಿಸಲಿಲ್ಲ.

ಮಕ್ಕಳ ಮಾತಿಗೆ ಮೊದಲ ವಿರೋಧ ಬಂದದ್ದು ಮನೆಯಿಂದಲೇ. ಮಗಳು ಸುಳ್ಳು ಹೇಳುತ್ತಿದ್ದಾಳೆಂದು ನಂಬಿದ ಲೂಸಿಯಾಳ ತಾಯಿ ಅವಳನ್ನು ಹೊಡೆದು ದಂಡಿಸಿದಳು. ಕೋವಾ ದ ಇರಿಯಾ ಆ ಮನೆತನದ್ದೇ ಭೂಮಿ; ಮಾತು ಹಬ್ಬಿ ಜನ ನುಗ್ಗತೊಡಗಿದ ಮೇಲೆ ಅಲ್ಲಿ ಬೆಳೆ ತೆಗೆಯುವುದು ಅಸಾಧ್ಯವಾಯಿತು. ಬಡ ರೈತನ ಮನೆಯಲ್ಲಿ ಇದು ಸಣ್ಣ ನಷ್ಟವೇ? ಆಗಸ್ಟ್ ೧೩ರಂದು ಔರೆಂ ಪಟ್ಟಣದ ಆಡಳಿತಾಧಿಕಾರಿಯು ಮಕ್ಕಳನ್ನು ಹಿಡಿದೊಯ್ದು, ಬೆದರಿಸಿ, ಬಾಯಿ ಬಿಡಿಸಲು ಯತ್ನಿಸಿದನು. ಅವರು ತಮ್ಮ ಮಾತನ್ನು ಬದಲಿಸಲಿಲ್ಲ.

ಅಕ್ಟೋಬರ್ ೧೩ರಂದು ಎಲ್ಲರೂ ಕಾಣುವಂಥ ಪವಾಡವೊಂದು ಆಗುವುದೆಂದು ಮಕ್ಕಳು ಮೊದಲೇ ಹೇಳಿದ್ದರು. ಅಂದು ಮಳೆಯಲ್ಲಿ ನೆನೆಯುತ್ತ ಹತ್ತಾರು ಸಾವಿರ ಜನ ನಿಂತಿದ್ದರು. ಮೋಡ ಸರಿದಾಗ ಸೂರ್ಯನು ಗಿರ್ರನೆ ತಿರುಗಿದನೆಂದೂ ಬಣ್ಣಗಳನ್ನು ಚೆಲ್ಲಿದನೆಂದೂ ಬಹಳ ಮಂದಿ ಹೇಳಿದರು. ತಮಗೇನೂ ಕಾಣಲಿಲ್ಲವೆಂದವರೂ ಇದ್ದರು. ಚರ್ಚಿನ ಪಕ್ಷವನ್ನು ಹಿಡಿಯದಿದ್ದ ಲಿಸ್ಬನ್ನಿನ ‘ಓ ಸೆಕುಲೊ’ ಪತ್ರಿಕೆಯ ವರದಿಗಾರ ಅವೆಲಿನೊ ದ ಅಲ್ಮೇದಾ ಅಲ್ಲಿಯೇ ಇದ್ದು ಆ ಜನಸಾಗರದ ಬೆರಗನ್ನು ಬರೆದನು. ಖಗೋಳಶಾಸ್ತ್ರಜ್ಞರ ದಾಖಲೆಗಳಲ್ಲಿ ಸೂರ್ಯನ ಗತಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಸ್ಥಳೀಯ ಬಿಷಪ್ಪರು ಹಲವು ವರ್ಷ ವಿಚಾರಣೆ ನಡೆಸಿ, ೧೯೩೦ರ ಅಕ್ಟೋಬರ್ ೧೩ರಂದು, ಮಕ್ಕಳ ದರ್ಶನಗಳು ನಂಬಿಕೆಗೆ ಯೋಗ್ಯವೆಂದು ಸಾರಿದರು. ಒಳ್ಳೆಯ ಮಾರ್ಗದರ್ಶಕನು ಈ ಎಲ್ಲವನ್ನೂ ಹೇಳುತ್ತಾನೆ. ತೀರ್ಪನ್ನು ಕೇಳುವವರಿಗೆ ಬಿಡುತ್ತಾನೆ.

ಕಥೆಯ ಉಳಿದ ಭಾಗಕ್ಕೆ ಪವಾಡದ ಹಂಗಿಲ್ಲ. ಯುದ್ಧದ ಬೆನ್ನಿಗೇ ಜಗತ್ತನ್ನು ಬಡಿದ ಇನ್‌ಫ್ಲುಯೆಂಜಾ ಜ್ವರ ಅಲ್ಜುಸ್ತ್ರೆಲ್ಲಿಗೂ ಬಂದಿತು. ಫ್ರಾನ್ಸಿಸ್ಕೊ ೧೯೧೯ರ ಏಪ್ರಿಲ್ ೪ರಂದು ತೀರಿಕೊಂಡನು. ಜಸಿಂತಾಳನ್ನು ಚಿಕಿತ್ಸೆಗಾಗಿ ಲಿಸ್ಬನ್ನಿಗೆ ಕರೆದೊಯ್ದರು. ೧೯೨೦ರ ಫೆಬ್ರವರಿ ೨೦ರಂದು, ಹತ್ತು ವರ್ಷವೂ ತುಂಬದ ಆ ಮಗು ಆಸ್ಪತ್ರೆಯಲ್ಲಿ, ತನ್ನವರಾರೂ ಬಳಿಯಿಲ್ಲದ ಹೊತ್ತಿನಲ್ಲಿ, ಕಣ್ಣುಮುಚ್ಚಿತು. ಇಂದು ವ್ಯಾನು ಹೊರಡುವ ನಗರವೇ ಅದು. ಲೂಸಿಯಾ ಸಂನ್ಯಾಸಿನಿಯಾಗಿ, ೧೯೪೮ರಿಂದ ಕೊಯಿಂಬ್ರಾದ ಕಾರ್ಮೆಲೈಟ್ ಮಠದಲ್ಲಿದ್ದು, ೨೦೦೫ರಲ್ಲಿ ತನ್ನ ೯೭ನೆಯ ವಯಸ್ಸಿನಲ್ಲಿ ನಿಧನಳಾದಳು.

ವ್ಯಾನಿನಿಂದ ಇಳಿದವರ ಎದುರಿಗೆ ತೆರೆದುಕೊಳ್ಳುವುದು ಇಳಿಜಾರಾದ ವಿಶಾಲ ಬಯಲು. ಒಂದು ತುದಿಯಲ್ಲಿ ೧೯೨೮ರಲ್ಲಿ ಆರಂಭವಾಗಿ ೧೯೫೩ರಲ್ಲಿ ಪ್ರತಿಷ್ಠಿತವಾದ, ೬೫ ಮೀಟರ್ ಎತ್ತರದ ಗೋಪುರವುಳ್ಳ ಬಿಳಿಯ ದೇವಾಲಯ. ಇನ್ನೊಂದು ತುದಿಯಲ್ಲಿ ೨೦೦೭ರಲ್ಲಿ ತೆರೆದ, ಗ್ರೀಕ್ ವಾಸ್ತುಶಿಲ್ಪಿ ಅಲೆಕ್ಸಾಂಡ್ರೊಸ್ ತೊಂಬಾಜಿಸ್ ರಚಿಸಿದ, ಎಂಟು ಸಾವಿರಕ್ಕೂ ಮೀರಿ ಜನ ಕೂರಬಲ್ಲ ಹೊಸ ದೇವಾಲಯ. ಆದರೆ ಕ್ಷೇತ್ರದ ಗರ್ಭಗುಡಿಯೆನ್ನಬೇಕಾದದ್ದು ಇವೆರಡೂ ಅಲ್ಲ. ಬಯಲಿನ ಒಂದು ಪಕ್ಕದಲ್ಲಿ, ಆಧುನಿಕ ಚಾವಣಿಯ ನೆರಳಿನಲ್ಲಿ, ಹಳ್ಳಿಯ ಗುಡಿಯಷ್ಟೇ ಚಿಕ್ಕದಾದ ಪ್ರಾರ್ಥನಾಮಂದಿರವೊಂದಿದೆ. ೧೯೧೯ರಲ್ಲಿ ಜನರೇ ಅದನ್ನು ಕಟ್ಟಿದರು. ೧೯೨೨ರಲ್ಲಿ ವಿರೋಧಿಗಳು ಸಿಡಿಮದ್ದಿಟ್ಟು ಕೆಡವಿದರು. ಜನ ಮತ್ತೆ ಕಟ್ಟಿದರು. ಮಕ್ಕಳು ಹೇಳಿದ ಓಕ್ ಮರವನ್ನು ಭಕ್ತರು ಚೂರು ಚೂರಾಗಿ ಕಿತ್ತೊಯ್ದಿದ್ದರು. ಅದಿದ್ದ ಎಡೆಯಲ್ಲಿ ಈಗ ಕಂಬದ ಮೇಲೆ ಮಾತೆಯ ವಿಗ್ರಹ ನಿಂತಿದೆ.

ಆ ಮಂದಿರದತ್ತ ಅಮೃತಶಿಲೆಯ ನುಣುಪಾದ ಹಾದಿಯೊಂದು ಸಾಗುತ್ತದೆ. ಮಂಡಿಯ ಮೇಲೆ ತೆವಳುತ್ತ ಅದನ್ನು ಕ್ರಮಿಸುವ ಜನರನ್ನು ಅಲ್ಲಿ ಕಾಣಬಹುದು: ಮಂಡಿಗೆ ಮೆತ್ತೆ ಕಟ್ಟಿಕೊಂಡವರು, ಮಗುವನ್ನು ಎತ್ತಿಕೊಂಡವರು, ಪಕ್ಕದಲ್ಲಿ ನಡೆಯುವ ಬಂಧುವಿನ ಕೈಹಿಡಿದವರು. ಪೋರ್ಚುಗೀಸರು ಇದನ್ನು ‘ಪ್ರೊಮೆಸ್ಸಾ’ ಎನ್ನುತ್ತಾರೆ; ಹರಕೆ ಎಂದರೆ ಅರ್ಥ ಸಂಪೂರ್ಣವಾಗುತ್ತದೆ. ಉರುಳುಸೇವೆಯನ್ನು ಕಂಡವನಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮೀಪದಲ್ಲಿಯೇ ಮೇಣದ ಬತ್ತಿಗಳನ್ನು ಉರಿಸುವ ಸ್ಥಳ. ಹರಕೆ ಹೊತ್ತವನ ಆಳುದ್ದದ ಬತ್ತಿಗಳೂ ಅಲ್ಲಿಗೆ ಬರುತ್ತವೆ. ಅಂಗಡಿಗಳಲ್ಲಿ ಮೇಣದ ಕೈ, ಕಾಲು, ತಲೆ, ಎಳೆಯ ಮಗುವಿನ ಆಕಾರಗಳನ್ನು ಮಾರುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣನ್ನೂ ಪಾದವನ್ನೂ ಒಪ್ಪಿಸುವಂತೆ, ಅಲ್ಲಿ ಬೇನೆ ಬಿದ್ದ ಅಂಗದ ಮೇಣದ ರೂಪ ಬೆಂಕಿಗೆ ಸೇರುತ್ತದೆ. ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಮತಭೇದವೆಣಿಸದೆ ಬತ್ತಿ ಹಿಡಿದು ಹೋಗುವ ಕನ್ನಡಿಗನಿಗೆ ಈ ನೋಟ ಮನೆಯ ನೆನಪನ್ನೇ ತಂದೀತು.

ಒಂದು ದಿನದ ಪ್ರವಾಸಿಯ ಪರೀಕ್ಷೆ ನಡೆಯುವುದು ಇಲ್ಲಿಯೇ. ಮಂಡಿಯೂರಿ ಬರುತ್ತಿರುವ ತಾಯಿ ಯಾರಿಗಾಗಿ ಬರುತ್ತಿದ್ದಾಳೆ? ಬದುಕಿದ ಮಗನಿಗಾಗಿಯೋ, ಬದುಕಲೆಂದು ಬೇಡುವ ಮಗನಿಗಾಗಿಯೋ? ಅವಳ ಮುಖದೆದುರು ಕ್ಯಾಮರಾ ಹಿಡಿಯುವವನಿಗೆ ಆ ಪ್ರಶ್ನೆ ಹೊಳೆಯಲಾರದು. ಅವಳು ಅವನ ಪ್ರವಾಸದ ದೃಶ್ಯಗಳಲ್ಲಿ ಒಂದಾಗಲು ಬಂದವಳಲ್ಲ. ತಿಳಿದ ಮಾರ್ಗದರ್ಶಕನು ಹೇಳಬೇಕಾದುದನ್ನೆಲ್ಲ ದಾರಿಯಲ್ಲಿಯೇ ಹೇಳಿ ಮುಗಿಸಿ, ಕೂಡುವ ಸ್ಥಳವನ್ನೂ ವೇಳೆಯನ್ನೂ ತಿಳಿಸಿ, ಬಯಲಿನ ಅಂಚಿನಲ್ಲಿ ಮೌನಿಯಾಗುತ್ತಾನೆ. ಆ ಎಂಟು ಮಂದಿಯೂ ಚದುರುತ್ತಾರೆ. ದಂಪತಿಗಳು ಪೂಜೆಗೆ ಹೋಗಬಹುದು. ತರುಣನು ಸುಮ್ಮನೆ ಮೆಟ್ಟಿಲ ಮೇಲೆ ಕೂರಬಹುದು. ಯಾರನ್ನೂ ಯಾರೂ ಕಾಯಿಸಬೇಕಾಗಿಲ್ಲ, ಒತ್ತಾಯಿಸಬೇಕಾಗಿಯೂ ಇಲ್ಲ.

ನೋಡಬೇಕಾದವು ಇನ್ನೂ ಉಂಟು. ಗೋಪುರದ ದೇವಾಲಯದಲ್ಲಿ ಮೂವರು ಮಕ್ಕಳ ಸಮಾಧಿಗಳಿವೆ. ಫ್ರಾನ್ಸಿಸ್ಕೊನನ್ನೂ ಜಸಿಂತಾಳನ್ನೂ ೨೦೧೭ರ ಮೇ ೧೩ರಂದು, ಶತಮಾನೋತ್ಸವದ ದಿನವೇ, ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದರು. ಮಾತು ಕೇಳಿಸದೆ ನೋಡಿದಷ್ಟನ್ನೇ ನಂಬಿದ ಹುಡುಗನಿಗೂ ಸಂತರ ಸಾಲಿನಲ್ಲಿ ಸ್ಥಾನ ದೊರೆಯಿತು. ವಿಶೇಷ ದಿನಗಳಲ್ಲಿ ವಿಗ್ರಹಕ್ಕೆ ತೊಡಿಸುವ ಕಿರೀಟವನ್ನು ಪೋರ್ಚುಗಲ್ಲಿನ ಹೆಂಗಸರು ಕೊಟ್ಟ ಒಡವೆಗಳಿಂದ ಮಾಡಿದ್ದಾರೆ. ಎರಡನೆಯ ಮಹಾಯುದ್ಧದಿಂದ ದೇಶ ದೂರವುಳಿದುದಕ್ಕೆ ಅದು ಕೃತಜ್ಞತೆಯ ಕಾಣಿಕೆ. ೧೯೮೧ರ ಮೇ ೧೩ರಂದು ರೋಮಿನಲ್ಲಿ ಪೋಪ್ ಎರಡನೆಯ ಜಾನ್ ಪಾಲರ ದೇಹವನ್ನು ಹೊಕ್ಕ ಗುಂಡೊಂದು ಇಂದು ಅದೇ ಕಿರೀಟದಲ್ಲಿದೆ.

ಆದ್ದರಿಂದ ಪ್ರವಾಸವನ್ನು ಗೊತ್ತುಮಾಡುವಾಗಲೇ ಒಂದೆರಡು ಮಾತುಗಳನ್ನು ವಿಚಾರಿಸುವುದು ಲೇಸು. ಹಲವು ವ್ಯಾನುಗಳು ಒಂದೇ ಹಗಲಿನಲ್ಲಿ ಫಾತಿಮಾದ ಜೊತೆಗೆ ಬತಾಲ್ಯಾದ ಮಠವನ್ನೂ, ನಜರೆಯ ಕಡಲತೀರವನ್ನೂ, ಓಬಿದುಸ್ಸಿನ ಕೋಟೆಯೂರನ್ನೂ ತೋರಿಸುತ್ತವೆ. ೧೩೮೫ರ ಅಲ್ಜುಬರೋತಾ ಯುದ್ಧದ ಗೆಲುವಿನ ನೆನಪಿಗಾಗಿ ಎದ್ದ ಬತಾಲ್ಯಾ ನಿಜಕ್ಕೂ ನೋಡತಕ್ಕದ್ದೇ. ಆದರೆ ನಾಲ್ಕು ಊರುಗಳನ್ನು ಹಂಚಿಕೊಂಡ ದಿನದಲ್ಲಿ ಫಾತಿಮಾದ ಪಾಲಿಗೆ ಉಳಿಯುವುದು ಒಂದೆರಡು ಗಂಟೆ. ಯಾತ್ರಾಸ್ಥಳವನ್ನೇ ಕಾಣಬೇಕೆನ್ನುವವರು ಊರುಗಳ ಸಂಖ್ಯೆಯನ್ನು ಕಡಿಮೆಮಾಡಿ, ಅಲ್ಜುಸ್ತ್ರೆಲ್ಲನ್ನು ಸೇರಿಸಿದ ಪ್ರವಾಸವನ್ನೇ ಆರಿಸಿಕೊಳ್ಳಬೇಕು. ಕ್ಷೇತ್ರದಿಂದ ಅದು ಬಹು ದೂರವೇನಲ್ಲ. ಮಕ್ಕಳು ಹುಟ್ಟಿ ಬೆಳೆದ ತಗ್ಗು ಮಾಡಿನ ಮನೆಗಳನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಆ ಕೋಣೆಗಳ ಇಕ್ಕಟ್ಟನ್ನು ಕಂಡವನಿಗೆ, ಬಯಲಿನ ವೈಶಾಲ್ಯ ಎಲ್ಲಿಂದ ಆರಂಭವಾಯಿತೆಂಬುದು ತಿಳಿದೀತು.

ದಿನಾಂಕದ ವಿಚಾರವೂ ಮುಖ್ಯ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ೧೨, ೧೩ನೆಯ ತಾರೀಖುಗಳು ಯಾತ್ರೆಯ ದಿನಗಳು; ಅದರಲ್ಲಿಯೂ ಮೇ ೧೩ಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ೧೨ರ ರಾತ್ರಿ ಬಯಲು ತುಂಬ ಬತ್ತಿಗಳ ಬೆಳಕಿನ ಮೆರವಣಿಗೆ. ೧೩ರ ಹಗಲು ವಿಗ್ರಹವು ಮಂದಿರಕ್ಕೆ ಮರಳುವಾಗ ಬಿಳಿಯ ಕರವಸ್ತ್ರಗಳನ್ನು ಬೀಸಿ ಬೀಳ್ಕೊಡುವ ಜನ. ನಿಶ್ಶಬ್ದವನ್ನು ಬಯಸುವವರು ಆ ದಿನಗಳನ್ನು ಬಿಡಲಿ. ಜನವನ್ನೇ ಕಾಣಬೇಕೆನ್ನುವವರು ವ್ಯಾನನ್ನು ಬಿಟ್ಟು, ಮುಂಚಿತವಾಗಿಯೇ ವಸತಿ ಗೊತ್ತುಮಾಡಿಕೊಂಡು, ಒಂದು ರಾತ್ರಿ ಅಲ್ಲಿಯೇ ತಂಗಲಿ. ಹಗಲಿನ ಪ್ರವಾಸಿಗೆ ಕಾಣದೆ ಹೋಗುವುದು ಆ ಬತ್ತಿಗಳ ರಾತ್ರಿಯೇ. ಸಂಜೆಗೆ ಮುನ್ನವೇ ಅವನ ವ್ಯಾನು ಲಿಸ್ಬನ್ನಿನ ದಾರಿ ಹಿಡಿದಿರುತ್ತದೆ.

ವ್ಯಾನಿನಲ್ಲಿ ಬಂದವನು ನಡೆದು ಬಂದವನಾಗಲಾರ; ಆಗಬೇಕಾಗಿಯೂ ಇಲ್ಲ. ಅತಿಥಿಯ ಪಾತ್ರವೊಂದು ಅವನಿಗೆ ಉಳಿದಿದೆ. ಮನೆಯವರು ಪೂಜೆಗೆ ಕುಳಿತಿರುವಾಗ ಬಂದ ಅತಿಥಿ ಚಪ್ಪಲಿಯನ್ನು ಹೊರಗೆ ಬಿಟ್ಟು, ದನಿ ತಗ್ಗಿಸಿ, ಮೂಲೆಯಲ್ಲಿ ಕುಳಿತುಕೊಳ್ಳುತ್ತಾನೆ. ಮಂತ್ರ ತಿಳಿಯದಿದ್ದರೂ ಮಂಗಳಾರತಿಯ ಹೊತ್ತಿಗೆ ಎದ್ದು ನಿಲ್ಲುತ್ತಾನೆ. ಅಷ್ಟನ್ನು ಬಲ್ಲವನಿಗೆ ಫಾತಿಮಾದಲ್ಲಿ ಎರಡು ಗಂಟೆಯೂ ಕಡಿಮೆಯಾಗದು.