ಗರಡಿಯ ಬಾಗಿಲು

ಚಿತ್ರದುರ್ಗದ ಕೋಟೆಯಲ್ಲಿ ಗರಡಿಮನೆಯೊಂದಿದೆ. ಕುಸ್ತಿಯು ನಮ್ಮ ನಾಡಿನ ಪ್ರಾಚೀನ ವಿದ್ಯೆ. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಕಾಳಗವನ್ನು ವರ್ಣಿಸಿದ್ದಾನೆ. ಇಂತಹ ವಿದ್ಯೆಯು ಹೊರಗಿನವರ ಕೈಸೇರಿದರೆ ಕೆಡುವುದೆಂದು ಅಂಜುವವರುಂಟು. ಅವರು ಜಪಾನಿನ ಕಡೆಗೊಮ್ಮೆ ನೋಡಬೇಕು.

ಎದುರಾಳಿಯನ್ನು ವೃತ್ತದಿಂದಾಚೆಗೆ ನೂಕುವ, ಇಲ್ಲವೆ ನೆಲಕ್ಕೆ ಕೆಡಹುವ ಸುಮೋ ಜಪಾನೀಯರ ಮಲ್ಲಯುದ್ಧ. 1972ರಲ್ಲಿ ಹವಾಯಿಯ ತಕಾಮಿಯಾಮನು ಅದರ ಅತ್ಯುನ್ನತ ವಿಭಾಗದ ಪ್ರಶಸ್ತಿಯನ್ನು ಗೆದ್ದ ಮೊದಲ ವಿದೇಶೀಯನಾದನು. 1993ರಲ್ಲಿ ಹವಾಯಿಯವನೇ ಆದ ಅಕೆಬೊನೊ ‘ಯೊಕೊಜುನ’ ಎಂಬ ಪರಮೋಚ್ಚ ಪದವಿಗೇರಿದನು. ಮಂಗೋಲಿಯದಲ್ಲಿ ಹುಟ್ಟಿದ ಹಕುಹೊ 2021ರಲ್ಲಿ ನಿವೃತ್ತನಾಗುವ ವೇಳೆಗೆ 45 ಪ್ರಶಸ್ತಿಗಳನ್ನು ಗಳಿಸಿದ್ದನು.

ಜಪಾನೀಯರಿಗೂ ಅಳುಕಿಲ್ಲದಿಲ್ಲ, ಒಂದು ಗುರುಮನೆಗೆ ಒಬ್ಬನೇ ವಿದೇಶೀಯನೆಂಬ ಮಿತಿಯನ್ನು ಅವರು ವಿಧಿಸಿದ್ದಾರೆ. ಆದರೂ ಸುಮೋ ಕೆಡಲಿಲ್ಲ. ಏಕೆಂದರೆ ಹೊರಗಿನಿಂದ ಬಂದವನೂ ಗುರುಮನೆಯಲ್ಲಿದ್ದು, ಅಲ್ಲಿಯ ಭಾಷೆಯನ್ನು ಕಲಿತು, ಜುಟ್ಟು ಕಟ್ಟಿ, ಅಡುಗೆ ಕಸಗಳ ಕೆಲಸದಿಂದಲೇ ಮೊದಲಾಗಬೇಕು. ಬಾಗಿಲು ತೆರೆಯಿತು, ನಿಯಮ ಸಡಿಲಲಿಲ್ಲ.

ನಮ್ಮ ಗರಡಿಗಳಿಗೂ ಇದು ಪಾಠವಾಗಬೇಕು. ಮಟ್ಟಿಗಿಳಿಯುವವನು ಬಾಗೂರಿನವನಾಗಲಿ, ಪರದೇಶದವನಾಗಲಿ, ಅವನ ಕುಲವನ್ನೂ ಊರನ್ನೂ ಕೇಳಬೇಕಾಗಿಲ್ಲ. ಗುರುವಿಗೆ ತಲೆಬಾಗಿ, ನಿಷ್ಠೆಯಿಂದ ಪಟ್ಟುಗಳನ್ನು ಕಲಿಯುವನೇ ಎಂದು ಕೇಳಿದರೆ ಸಾಕು. ಕಲಿಯುವವರಿಲ್ಲದ ವಿದ್ಯೆಯನ್ನು ಬೀಗ ಹಾಕಿ ಉಳಿಸಿಕೊಳ್ಳಲಾಗದು.