ಪಾಲ್ ವಾಕರ್ ಸಾವು: ಕೋರ್ಟು ಹೇಳದೆ ಬಿಟ್ಟದ್ದು

2017ರ ಅಕ್ಟೋಬರ್‌ನಲ್ಲಿ ಪೋರ್ಷೆ ಕಂಪನಿಯೂ ಹಾಲಿವುಡ್ ನಟ ಪಾಲ್ ವಾಕರ್ ಅವರ ಮಗಳು ಮೆಡೋ ಅವರೂ, ವಾಕರ್ ಸಾವಿನ ಬಗ್ಗೆ ಆಕೆ ಹೂಡಿದ್ದ ದಾವೆಯಲ್ಲಿ ರಾಜಿ ಮಾಡಿಕೊಂಡರು. ಷರತ್ತು ಏನು, ಹಣ ಎಷ್ಟು ಎಂಬುದು ಹೊರಗೆ ಬರಲಿಲ್ಲ. ತಂದೆ ತೀರಿಕೊಂಡಾಗ ಆಕೆಗೆ 15 ವರ್ಷ. ಅಪ್ಪ ಸುಟ್ಟುಹೋದ ವಿವರವನ್ನು ತಜ್ಞರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತ ಕೋರ್ಟಿನಲ್ಲಿ ಕೂತಿರು ಎಂದು ಆ ಹುಡುಗಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ನಮ್ಮ ತಕರಾರು ರಾಜಿಯ ಬಗ್ಗೆ ಅಲ್ಲ, ರಾಜಿಯ ಜೊತೆಗೇ ಮುಚ್ಚಿಹೋದ ಪ್ರಶ್ನೆಯ ಬಗ್ಗೆ. ಆ ಪ್ರಶ್ನೆಗೆ ರಸ್ತೆಗಿಳಿಯುವ ಪ್ರತಿಯೊಬ್ಬರೂ ವಾರಸುದಾರರು.

ಅಪಘಾತ ನಡೆದದ್ದು 2013ರ ನವೆಂಬರ್ 30ರ ಮಧ್ಯಾಹ್ನ, ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ಸಾಂಟಾ ಕ್ಲಾರಿಟಾದಲ್ಲಿ. ಫಿಲಿಪ್ಪೀನ್ಸ್‌ನ ಹೈಯಾನ್ ಚಂಡಮಾರುತದಿಂದ ನೊಂದವರಿಗಾಗಿ ವಾಕರ್ ಅವರ ಸೇವಾಸಂಸ್ಥೆ ಅಂದು ಕಾರ್ಯಕ್ರಮ ಇಟ್ಟುಕೊಂಡಿತ್ತು. ಅಲ್ಲಿಂದ ಅವರೂ, ಗೆಳೆಯ ಮತ್ತು ವ್ಯವಹಾರದ ಪಾಲುದಾರ ರೋಜರ್ ರೋಡಾಸ್ ಅವರೂ 2005ರ ಮಾದರಿಯ ಪೋರ್ಷೆ ಕರೇರಾ ಜಿಟಿಯಲ್ಲಿ ಒಂದು ಸುತ್ತು ಹೋಗಿಬರಲು ಹೊರಟರು. ಓಡಿಸಿದ್ದು ರೋಡಾಸ್. ಕಾರು ಹತೋಟಿ ತಪ್ಪಿ ದೀಪದ ಕಂಬಕ್ಕೂ ಮರಗಳಿಗೂ ಬಡಿದು ಹೊತ್ತಿಕೊಂಡಿತು. 40ರ ವಾಕರ್ ಉಳಿಯಲಿಲ್ಲ, 38ರ ರೋಡಾಸ್ ಕೂಡ.

ಕೌಂಟಿಯ ಪೊಲೀಸರು 2014ರ ಮಾರ್ಚ್‌ನಲ್ಲಿ ಕೊಟ್ಟ ತನಿಖಾ ವರದಿ ಸ್ಪಷ್ಟವಾಗಿಯೇ ಇದೆ. ಗಂಟೆಗೆ 72 ಕಿಲೋಮೀಟರ್ ಮಿತಿಯಿದ್ದ ರಸ್ತೆಯಲ್ಲಿ ಕಾರು ಸುಮಾರು 130ರಿಂದ 150ರ ವೇಗದಲ್ಲಿತ್ತು. ಯಂತ್ರದಲ್ಲಿ ದೋಷ ಸಿಗಲಿಲ್ಲ. ಟೈರುಗಳಿಗೆ ಒಂಬತ್ತು ವರ್ಷ ದಾಟಿತ್ತು. ವೇಗದ ಹೊಣೆ ಚಾಲಕನದು, ಇದರಲ್ಲಿ ನಮಗೆ ಅನುಮಾನವಿಲ್ಲ. ರೋಡಾಸ್ ರೇಸುಗಳಲ್ಲಿ ಪಳಗಿದವರಾಗಿದ್ದರು. ಪಳಗಿದ ಕೈಗೆ ಊರ ರಸ್ತೆಯಲ್ಲಿ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅವರು ಬಿಟ್ಟುಹೋದ ಆಸ್ತಿಯಿಂದ ಮೆಡೋಗೆ 1.01 ಕೋಟಿ ಡಾಲರ್ ಸಂದಾಯವಾಗುವಂತೆ 2014ರಲ್ಲೇ ಒಪ್ಪಂದವಾಯಿತು. ಚಾಲಕನ ಮನೆಯವರು ತಮ್ಮ ಪಾಲಿನದನ್ನು ತೆತ್ತರು.

ಇನ್ನು ಕಾರು. ಲೆ ಮಾನ್ಸ್ ರೇಸಿಗೆಂದು ರೂಪಿಸಿ ಕೈಬಿಟ್ಟ ಯೋಜನೆಯೊಂದರ ಎಂಜಿನ್‌ನಿಂದ ಬೆಳೆದದ್ದು ಕರೇರಾ ಜಿಟಿ. 5.7 ಲೀಟರ್, ಹತ್ತು ಸಿಲಿಂಡರ್, 600 ಅಶ್ವಶಕ್ತಿಗೂ ಮಿಕ್ಕ ಬಲ. 2003ರಿಂದ 2006ರವರೆಗೆ ಸುಮಾರು 1,270 ಕಾರುಗಳು ತಯಾರಾದವು. ತಿರುವಿನಲ್ಲಿ ಕಾರು ಜಾರತೊಡಗಿದಾಗ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕು ಹಾಕಿ ಸರಿದಾರಿಗೆ ಎಳೆಯುವ ಸ್ಟೆಬಿಲಿಟಿ ಕಂಟ್ರೋಲ್ ವ್ಯವಸ್ಥೆ ಇದರಲ್ಲಿ ಇರಲಿಲ್ಲ. ಪೋರ್ಷೆಯದೇ ಬೇರೆ ಮಾದರಿಗಳಲ್ಲಿ ಆ ಹೊತ್ತಿಗಾಗಲೇ ಅದು ಇತ್ತು. ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾದದ್ದು 2012ರ ಮಾದರಿಗಳಿಂದ. ಎಂದರೆ ಕಂಪನಿ ಆಗಿನ ಕಾನೂನನ್ನು ಮುರಿದಿರಲಿಲ್ಲ. ಆದರೆ ಅಷ್ಟು ಬಲದ ಕಾರನ್ನು, ತನ್ನ ಕೈಯಲ್ಲೇ ಇದ್ದ ರಕ್ಷಣೆಯನ್ನು ಬಿಟ್ಟು, ಸಾಮಾನ್ಯ ರಸ್ತೆಗೆ ಮಾರಿದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ.

ಚಾಲಕನ ತಪ್ಪು ಸಾಬೀತಾದರೆ ತಯಾರಕನ ಮೇಲಿನ ಮಾತು ಅಲ್ಲಿಗೆ ಮುಗಿಯಿತು ಎಂದು ಅನೇಕರು ತಿಳಿದಿದ್ದಾರೆ. ಕ್ಯಾಲಿಫೋರ್ನಿಯಾದ ಕಾನೂನು ಹಾಗೆ ಹೇಳುವುದಿಲ್ಲ. 1978ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಜನರಲ್ ಮೋಟರ್ಸ್ ವಿರುದ್ಧದ ಡೇಲಿ ಪ್ರಕರಣದಲ್ಲಿ ಇದನ್ನೇ ಎದುರಿಸಿತು. ವೇಗವಾಗಿ ಹೋಗುತ್ತಿದ್ದ ಕಾರು ರಸ್ತೆವಿಭಜಕಕ್ಕೆ ಬಡಿದು, ಬಾಗಿಲು ತೆರೆದುಕೊಂಡು, ಚಾಲಕ ಹೊರಗೆಸೆಯಲ್ಪಟ್ಟು ಸತ್ತಿದ್ದ. ತಪ್ಪನ್ನು ಪಾಲು ಮಾಡಿ ನೋಡಬೇಕು, ಚಾಲಕನಿಗೆ ಅವನಷ್ಟು, ತಯಾರಕನಿಗೆ ಅವನಷ್ಟು ಎಂದಿತು ಕೋರ್ಟು. ಗದ್ದೆಯ ಬದು ಹಾಕಿದಂತೆ ಹೊಣೆಯನ್ನು ಅಳೆದು ಹಂಚುವ ಈ ಕ್ರಮ ನಮಗೆ ನ್ಯಾಯವಾಗಿ ಕಾಣುತ್ತದೆ.

ಕರೇರಾ ಜಿಟಿಯ ವಿಷಯದಲ್ಲೇ ಹೀಗೆ ಪಾಲಾದ ಉದಾಹರಣೆಯೂ ಇತ್ತು. 2005ರಲ್ಲಿ ಕ್ಯಾಲಿಫೋರ್ನಿಯಾದ ರೇಸ್ ಟ್ರ್ಯಾಕ್ ಒಂದರಲ್ಲಿ ಇದೇ ಮಾದರಿಯ ಕಾರು ಗೋಡೆಗೆ ಅಪ್ಪಳಿಸಿ ಚಾಲಕ, ಪಕ್ಕದಲ್ಲಿದ್ದವರು ಇಬ್ಬರೂ ಸತ್ತಿದ್ದರು. ಪ್ರಯಾಣಿಕನ ಪತ್ನಿ ಹೂಡಿದ ದಾವೆ ಸುಮಾರು 45 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ಅದರಲ್ಲಿ ದೊಡ್ಡ ಪಾಲು ಚಾಲಕನ ಆಸ್ತಿಯದು, ನಂತರದ್ದು ಟ್ರ್ಯಾಕ್ ಮತ್ತು ಸಂಘಟಕರದು. ಪೋರ್ಷೆಯ ಪಾಲು ಹತ್ತನೇ ಒಂದಕ್ಕೂ ಕಡಿಮೆ. ಸಣ್ಣ ಪಾಲೇ ಹೌದು, ಆದರೂ ಅದು ಸೊನ್ನೆಯಲ್ಲ.

ವಾಕರ್ ಪ್ರಕರಣದಲ್ಲಿ ನಡೆದದ್ದು ಬೇರೆ. ರೋಡಾಸ್ ಅವರ ಪತ್ನಿ ಪೋರ್ಷೆ ಮೇಲೆ ಹೂಡಿದ್ದ ದಾವೆಯನ್ನು, ಕಾರಿನ ದೋಷಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಫೆಡರಲ್ ನ್ಯಾಯಾಧೀಶರು 2016ರ ಏಪ್ರಿಲ್‌ನಲ್ಲಿ ತಳ್ಳಿಹಾಕಿದರು. ಮೆಡೋ ಅವರ ದಾವೆ ಅದಕ್ಕಿಂತ ಭಿನ್ನವಾಗಿತ್ತು. ಕಾರು ಏಕೆ ಬಡಿಯಿತು ಎನ್ನುವುದರ ಜೊತೆಗೆ, ಬಡಿದ ಮೇಲೆ ಒಳಗಿದ್ದವನು ಏಕೆ ಬದುಕಲಿಲ್ಲ ಎಂದೂ ಅದು ಕೇಳಿತ್ತು. ಸೀಟ್‌ಬೆಲ್ಟ್ ಜೋಡಿಸಿದ ರೀತಿಯಿಂದ ವಾಕರ್ ಪಕ್ಕೆಲುಬು ಮುರಿದು ಸೀಟಿಗೆ ಸಿಕ್ಕಿಹಾಕಿಕೊಂಡರು, ಆಗ ಅವರಿಗೆ ಇನ್ನೂ ಜೀವವಿತ್ತು, ಪಕ್ಕದ ಬಾಗಿಲಿಗೆ ಸಾಕಷ್ಟು ಬಲವಿರಲಿಲ್ಲ, ಇಂಧನದ ಕೊಳವೆ ಸುರಕ್ಷಿತವಾಗಿರಲಿಲ್ಲ ಎಂಬುದು ಅದರ ಆರೋಪ. ಕಾರಿನ ವೇಗ ಪೊಲೀಸರು ಹೇಳಿದ್ದಕ್ಕಿಂತ ಕಡಿಮೆ, ಗಂಟೆಗೆ 101ರಿಂದ 114 ಕಿಲೋಮೀಟರ್ ಮಾತ್ರ ಎಂದೂ ಅದು ವಾದಿಸಿತ್ತು. ಮರಣೋತ್ತರ ವರದಿ ರೋಡಾಸ್ ಸತ್ತದ್ದು ಪೆಟ್ಟಿನಿಂದ ಎಂದರೆ, ವಾಕರ್ ಸತ್ತದ್ದು ಪೆಟ್ಟು ಮತ್ತು ಬೆಂಕಿ ಎರಡರಿಂದ ಎಂದಿತ್ತು. ಆದ್ದರಿಂದ ಈ ಆರೋಪಗಳನ್ನು ಸಾಕ್ಷಿಕಟ್ಟೆಗೆ ತಂದು ಪರೀಕ್ಷಿಸಲೇಬೇಕಿತ್ತು. ಪೊಳ್ಳಾಗಿದ್ದರೆ ಪೋರ್ಷೆಯ ಹೆಸರು ಸ್ವಚ್ಛವಾಗುತ್ತಿತ್ತು.

ಇದಕ್ಕೆ ಪೋರ್ಷೆ ಕೊಟ್ಟ ಉತ್ತರ ನಮಗೆ ಹಿಡಿಸಲಿಲ್ಲ. ಕಾರನ್ನು ಹಾಳಾಗಿ ಬಳಸಿದ್ದಾರೆ, ಮಾರ್ಪಾಡು ಮಾಡಿದ್ದಾರೆ, ನಿಗಾ ಇಟ್ಟಿಲ್ಲ ಎಂದಿತು. ಅಷ್ಟರ ಮಟ್ಟಿಗೆ ಅದು ವಕೀಲರ ಕೆಲಸ. ಆದರೆ ವಾಕರ್ ಇಂಥ ಕಾರುಗಳನ್ನು ಬಲ್ಲವರು, ಅಪಾಯ ತಿಳಿದೇ ಹತ್ತಿದರು ಎಂದೂ ಹೇಳಿತು. ಪಕ್ಕದ ಸೀಟಿನಲ್ಲಿ ಕೂತವನ ಕೈಯಲ್ಲಿ ಸ್ಟಿಯರಿಂಗ್ ಇರಲಿಲ್ಲ. ‘ಫಾಸ್ಟ್ ಆ್ಯಂಡ್ ಫ್ಯೂರಿಯಸ್’ ಚಿತ್ರಗಳಲ್ಲಿ ಕಾರು ಓಡಿಸಿ ಹೆಸರಾದವನು ಎಂಬ ಕಾರಣಕ್ಕೆ ಪ್ರಯಾಣಿಕನಿಗೆ ಸಲ್ಲಬೇಕಾದ ರಕ್ಷಣೆ ಕಡಿಮೆಯಾಗಬಾರದು. ಆ ವಾದ ಕೋರ್ಟಿನಲ್ಲಿ ನಿಲ್ಲುತ್ತಿತ್ತೋ ಬೀಳುತ್ತಿತ್ತೋ, ವಿಚಾರಣೆ ನಡೆದಿದ್ದರೆ ಗೊತ್ತಾಗುತ್ತಿತ್ತು.

ಟೈರಿನ ಮಾತು ಇಲ್ಲಿ ಹೇಳಲೇಬೇಕು, ನಮ್ಮೂರಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೂ ಅದು ಬೇಕಾದದ್ದು. ಹಳೆಯ ಟೈರಿನ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮೇಲಿನ ಪಟ್ಟೆ ಸವೆಯದೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಲಕ್ಷಾಂತರ ಡಾಲರಿನ, ಅಪರೂಪಕ್ಕೆ ಹೊರತೆಗೆಯುವ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಅದನ್ನು ನೋಡಿ ಬದಲಿಸುವ ಕೆಲಸ ಕಾರನ್ನು ಇಟ್ಟುಕೊಂಡವರದು.

ಸಾವಿನ ನಂತರ ಜನ ಮಾಡಿದ್ದರಲ್ಲಿ ಒಂದು ಸಂಗತಿ ಮನಸ್ಸಿಗೆ ತುಂಬ ಕಹಿಯಾಯಿತು. ಸುಟ್ಟ ಕಾರನ್ನು ಸಾಗಿಸುತ್ತಿದ್ದ ಲಾರಿಯಿಂದಲೇ ಅದರ ತುಣುಕೊಂದನ್ನು ಕದ್ದ ಆರೋಪದ ಮೇಲೆ ಇಬ್ಬರು ಯುವಕರ ಬಂಧನವಾಯಿತು. 1955ರ ಸೆಪ್ಟೆಂಬರ್ 30ರಂದು ಇದೇ ಕ್ಯಾಲಿಫೋರ್ನಿಯಾದಲ್ಲಿ ಪೋರ್ಷೆ ಸ್ಪೈಡರ್‌ನಲ್ಲಿ ಸತ್ತ ನಟ ಜೇಮ್ಸ್ ಡೀನ್ ಅವರ ಕಾರಿನ ಅವಶೇಷವನ್ನಂತೂ ರಸ್ತೆ ಸುರಕ್ಷತೆಯ ಪ್ರಚಾರವೆಂದು ಊರೂರಿಗೆ ಒಯ್ದು ತೋರಿಸಿದ್ದರು. ನೋಡಲು ಬಂದವರು ನೋಡಿದ್ದು ಡೀನ್ ಸತ್ತ ಕಾರನ್ನು. ತಾರೆಯ ಹೆಸರಿನ ಮುಂದೆ ಸುರಕ್ಷತೆಯ ಮಾತು ಯಾರ ಕಿವಿಗೂ ಬಿದ್ದಿರಲಾರದು.

2023ರಲ್ಲಿ ಪೋರ್ಷೆ ಅಮೆರಿಕದಲ್ಲಿರುವ 489 ಕರೇರಾ ಜಿಟಿಗಳನ್ನು ವಾಪಸು ಕರೆಸಿತು. ಸಸ್ಪೆನ್ಷನ್‌ನ ಕೀಲುಗಳು ತುಕ್ಕು ಮತ್ತು ಒತ್ತಡದಿಂದ ಮುರಿಯುವ ಅಪಾಯವಿದೆ, ದುರಸ್ತಿಯಾಗುವವರೆಗೆ ಓಡಿಸಬೇಡಿ ಎಂದು ಮಾಲೀಕರಿಗೆ ತಿಳಿಸಿತು. ವಾಕರ್ ಅಪಘಾತಕ್ಕೂ ಈ ಕೀಲುಗಳಿಗೂ ನಂಟಿದೆ ಎಂದು ನಾವು ಹೇಳುತ್ತಿಲ್ಲ. ನಮಗೆ ಮುಖ್ಯವಾಗಿ ಕಂಡದ್ದು ಆ ಸೂಚನೆ ಬಹಿರಂಗವಾದದ್ದು. ಸರ್ಕಾರಿ ಸುರಕ್ಷತಾ ಸಂಸ್ಥೆಯ ಕಡತದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು, ಆ ಕಾರನ್ನು ನಾಳೆ ಕೊಳ್ಳುವವನೂ ಓದಬಹುದು. ರಾಜಿಯಾದ ದಾವೆಯಲ್ಲಿ ಅಂಥ ಕಡತ ಸಿಗುವುದಿಲ್ಲ.

ಫ್ಲಾರಿಡಾ ರಾಜ್ಯ 1990ರಲ್ಲೇ ಇದಕ್ಕೊಂದು ಕಾಯ್ದೆ ತಂದಿದೆ. ಸಾರ್ವಜನಿಕರಿಗೆ ಅಪಾಯ ತರಬಲ್ಲ ವಸ್ತುವಿನ ಮಾಹಿತಿಯನ್ನು ರಾಜಿಯ ಹೆಸರಿನಲ್ಲಿ ಮುಚ್ಚಿಡುವಂತಿಲ್ಲ ಎನ್ನುತ್ತದೆ ಅದು. ಕ್ಯಾಲಿಫೋರ್ನಿಯಾದ ಶಾಸಕರ ಮುಂದೆ ಇಂಥದೇ ಮಸೂದೆ 2022ರಲ್ಲಿ ಬಂದು ಬಿದ್ದುಹೋಯಿತು. ಅದನ್ನು ಮತ್ತೆ ತರಬೇಕು. ಹಣದ ಮೊತ್ತ ಕುಟುಂಬದ ಗುಟ್ಟಾಗಿಯೇ ಇರಲಿ. ಸೀಟ್‌ಬೆಲ್ಟಿನ ಬಗ್ಗೆ, ಇಂಧನದ ಕೊಳವೆಯ ಬಗ್ಗೆ ಎಂಜಿನಿಯರುಗಳು ಪ್ರಮಾಣ ಮಾಡಿ ಹೇಳಿದ ಮಾತು ಮಾತ್ರ ಸುರಕ್ಷತಾ ಸಂಸ್ಥೆಯ ಮೇಜಿಗೆ ತಲುಪಲಿ.